ಡಾಂಬರಿಗೂ ಮಣ್ಣಿಗೂ ಒಂದೇ ಬೈಕು: ದೊಡ್ಡ ಅಡ್ವೆಂಚರ್ ಬೈಕ್ ಆರಿಸುವ ಕ್ರಮ

ಆಸೆಪಟ್ಟು ದೊಡ್ಡ ಅಡ್ವೆಂಚರ್ ಬೈಕು ಕೊಂಡವರಲ್ಲಿ ಹಲವರು ಒಂದೆರಡು ವರ್ಷದೊಳಗೆ ಅದನ್ನು ಮಾರಿಬಿಡುತ್ತಾರೆ. ಮಾರುವಾಗ ಹೇಳುವ ಕಾರಣಗಳೂ ಹೆಚ್ಚುಕಡಿಮೆ ಒಂದೇ ಆಗಿರುತ್ತವೆ: ಮಣ್ಣಿನ ದಾರಿಗೆ ಇಳಿಸಲು ಧೈರ್ಯ ಬರಲಿಲ್ಲ, ನಿಲ್ಲಿಸಿದರೆ ಕಾಲು ಎಟುಕುವುದಿಲ್ಲ, ಬಿದ್ದರೆ ಒಬ್ಬರಿಂದ ಎತ್ತಲಾಗುವುದಿಲ್ಲ. ಇವುಗಳಲ್ಲಿ ಒಂದೂ ಬೈಕಿನ ದೋಷವಲ್ಲ. ಮೊದಲು ಸಿಸಿ, ಆಮೇಲೆ ಬೆಲೆ, ಆಮೇಲೆ ಬಣ್ಣ, ಎಲ್ಲ ಮುಗಿದ ಮೇಲೆ ತೂಕ ಎಂಬಂತೆ ನೋಡುವ ಕ್ರಮವೇ ತಲೆಕೆಳಗಾಗಿದೆ. ಈ ಮಾರ್ಗದರ್ಶಿಯಲ್ಲಿ ದಾರಿಯಿಂದ ಹೊರಟು, ತೂಕ ಮತ್ತು ಎತ್ತರವನ್ನು ದಾಟಿ, ಎಂಜಿನ್ನಿನ ಮಾತನ್ನು ಬೇಕೆಂದೇ ಐದನೆಯ ಹಂತಕ್ಕೆ ತಳ್ಳಿದ್ದೇನೆ. ಒಂದು ಹಂತದಲ್ಲಿ ಬಿದ್ದುಹೋದ ಬೈಕನ್ನು, ಎಷ್ಟೇ ಇಷ್ಟವಾಗಿದ್ದರೂ, ಮುಂದಿನ ಹಂತಕ್ಕೆ ಒಯ್ಯಬೇಡಿ.

ಬೇಕಾಗುವ ಸಾಮಾನು ಹೆಚ್ಚಿಲ್ಲ: ಅಳತೆಯ ಟೇಪು, ದಪ್ಪ ರಟ್ಟಿನ ಒಂದು ಪುಸ್ತಕ, ಟಾರ್ಚು, ನೋಟ್‌ಬುಕ್ಕು, ನೀವು ನಿಜವಾಗಿ ಧರಿಸುವ ಸವಾರಿಯ ಬೂಟು, ಮತ್ತು ಮುಲಾಜಿಲ್ಲದೆ ಮಾತಾಡುವ ಒಬ್ಬ ಗೆಳೆಯ.

## ಹಂತ 1: ನಿಮ್ಮ ದಾರಿಯ ಲೆಕ್ಕ ಬರೆಯಿರಿ

ಕಳೆದ ಹನ್ನೆರಡು ತಿಂಗಳಲ್ಲಿ ನೀವು ಬೈಕಿನಲ್ಲಿ ಹೋದ ಕಡೆಗಳನ್ನೆಲ್ಲ ಬರೆದು, ಎಷ್ಟು ಕಿಲೋಮೀಟರು ಒಳ್ಳೆಯ ಡಾಂಬರು, ಎಷ್ಟು ಕಿತ್ತುಹೋದ ಡಾಂಬರು, ಎಷ್ಟು ಮಣ್ಣು ಅಥವಾ ಜಲ್ಲಿ ಎಂದು ವಿಂಗಡಿಸಿ. ಮುಂದೆ ಹೋಗಬೇಕೆಂದಿರುವ ಕಡೆಗಳನ್ನು ಇದರಲ್ಲಿ ಸೇರಿಸಬಾರದು. ಲಡಾಖಿಗೆ ಹೋಗುವ ಕನಸು ನಿತ್ಯ ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಬೈಕು ಹೊರುವವರಿಗೆ ತಪ್ಪು ಸಲಹೆ ಕೊಡುತ್ತದೆ. ಡಾಂಬರಿನ ಪಾಲು ನೂರಕ್ಕೆ ಎಂಬತ್ತನ್ನು ಮೀರಿದರೆ ನಿಮಗೆ ಬೇಕಾಗಿರುವುದು ರಸ್ತೆಯ ಕಡೆಗೆ ವಾಲಿದ, ಕೆಟ್ಟ ದಾರಿಯನ್ನೂ ಸಹಿಸುವ ಬೈಕು.

ಇನ್ನೊಂದು ಸಾಲಿನಲ್ಲಿ, ಜೊತೆಗೆ ಯಾರೂ ಇಲ್ಲದೆ ನೀವು ದಾಟಬೇಕಾಗಿ ಬರುವ ಅತ್ಯಂತ ಕೆಟ್ಟ ತುಂಡು ಯಾವುದೆಂದು ಬರೆಯಿರಿ. ಕರ್ನಾಟಕದಲ್ಲಿ ‘ಮಣ್ಣಿನ ದಾರಿ’ ಎಂಬ ಒಂದೇ ಮಾತು ಸಾಲದು. ಸಕಲೇಶಪುರ, ಮೂಡಿಗೆರೆಯ ಕಡೆ ಮಳೆಗಾಲದ ಕೆಂಪು ಜೇಡಿಯೂ ಪಾಚಿ ಹಿಡಿದ ಕಲ್ಲೂ ಟೈರಿಗೆ ಹಿಡಿತವನ್ನೇ ಕೊಡುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಗಟ್ಟಿ ನೆಲದ ಮೇಲೆ ಸಡಿಲ ಗರಸು ಹರಡಿರುತ್ತದೆ. ಗದಗ, ಧಾರವಾಡದ ಎರೆ ಭೂಮಿಯಲ್ಲಂತೂ ಒಂದು ಮಳೆ ಬಿದ್ದರೆ ಸಾಕು, ಮಣ್ಣು ಟೈರಿಗೆ ಸುತ್ತಿಕೊಂಡು ಮಡ್‌ಗಾರ್ಡಿನ ಒಳಗೆ ಗಾರೆಯಂತೆ ತುಂಬಿ, ಮುಂದಿನ ಚಕ್ರ ತಿರುಗುವುದನ್ನೇ ನಿಲ್ಲಿಸುತ್ತದೆ. ಎರೆಯಲ್ಲಿ ಓಡಾಡುವವರು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮೂರು ಬೆರಳಾದರೂ ಸಲೀಸಾಗಿ ತೂರುತ್ತವೆಯೇ ಎಂದು ಶೋರೂಮಿನಲ್ಲೇ ನೋಡಬೇಕು. ಅಲ್ಲಿ ಎತ್ತರದ ಮಡ್‌ಗಾರ್ಡು ಅಲಂಕಾರವಲ್ಲ.

ಮೀಸಲು ಅರಣ್ಯದ ಮತ್ತು ಅಭಯಾರಣ್ಯದ ಒಳದಾರಿಗಳನ್ನು ಈ ಲೆಕ್ಕದಲ್ಲಿ ಸೇರಿಸಬೇಡಿ. ಅನುಮತಿಯಿಲ್ಲದೆ ಅಲ್ಲಿ ಬೈಕು ಓಡಿಸುವುದು ಅಪರಾಧ. ಎಸ್ಟೇಟಿನ ದಾರಿಗೂ ಮಾಲೀಕರ ಒಪ್ಪಿಗೆ ಬೇಕು.

## ಹಂತ 2: ತೂಕ — ಬಿದ್ದ ಬೈಕನ್ನು ಒಬ್ಬರೇ ಎತ್ತಬಲ್ಲಿರಾ?

ಜಾಹೀರಾತಿನಲ್ಲಿ ‘ಡ್ರೈ’ ತೂಕ ಎಂದಿದ್ದರೆ ಅದನ್ನು ಬಿಟ್ಟು, ಆಯಿಲ್ಲು, ಕೂಲಂಟು, ಪೆಟ್ರೋಲು ಎಲ್ಲ ಸೇರಿದ ಕರ್ಬ್ ತೂಕವನ್ನೇ ಕೇಳಿ. ಹೀರೋ ಎಕ್ಸ್‌ಪಲ್ಸ್ 210 ಸುಮಾರು 170 ಕೆ.ಜಿ., ಕೆಟಿಎಂ 390 ಅಡ್ವೆಂಚರ್ ಸುಮಾರು 183, ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಬೈಕು 196, ಹೋಂಡಾ ಟ್ರಾನ್ಸಾಲ್ಪ್ 750 ಬೈಕು 208, ಸುಜುಕಿ ವಿ-ಸ್ಟ್ರಾಮ್ 800 ಡಿಇ 230, ಬಿಎಂಡಬ್ಲ್ಯು ಆರ್ 1300 ಜಿಎಸ್ 237 ಕೆ.ಜಿ. ತೂಗುತ್ತವೆ. ಕ್ರ್ಯಾಶ್ ಗಾರ್ಡು, ಲಗೇಜ್ ರ್‍ಯಾಕು, ಎರಡು ಪೆಟ್ಟಿಗೆ, ಅವುಗಳೊಳಗಿನ ಸಾಮಾನು ಸೇರಿದರೆ ಯಾವ ಬೈಕಿಗಾದರೂ ಇನ್ನೂ 25ರಿಂದ 35 ಕೆ.ಜಿ. ಏರುತ್ತದೆ. ನೀವು ಎತ್ತಬೇಕಾಗಿರುವುದು ಆ ಮೊತ್ತವನ್ನು.

ಇದನ್ನು ನಾನು ಕಲಿತದ್ದು ಮೂಡಿಗೆರೆಯ ಹತ್ತಿರದ ಒಂದು ಏರಿನಲ್ಲಿ. ಎರಡೂ ಪೆಟ್ಟಿಗೆ ತುಂಬಿದ್ದ ಬೈಕು ತಿರುವಿನಲ್ಲಿ ನಿಂತೇ ಹೋಯಿತು. ಇಳಿಜಾರಿನ ಕಡೆಗೆ ಇಟ್ಟ ಕಾಲಿಗೆ ನೆಲ ಸಿಗಲಿಲ್ಲ, ಬೈಕು ಸದ್ದಿಲ್ಲದೆ ಮಗ್ಗುಲಾಯಿತು. ಎರಡು ಸಲ ಎತ್ತಲು ಹೋಗಿ ಬೂಟು ಜಾರಿ ಕೂತೆ. ಮೂರನೆಯ ಸಲಕ್ಕೆ ಪೆಟ್ಟಿಗೆ ಕಳಚಬೇಕೆಂಬ ಬುದ್ಧಿ ಬರುವಷ್ಟರಲ್ಲಿ ತೋಟದಿಂದ ಬಂದ ಹಿರಿಯರೊಬ್ಬರು ಕೈಹಾಕಿದರು. ನಿಲ್ಲಿಸಿದ ಮೇಲೆ ಸೊಂಟ ಹಿಡಿದುಕೊಂಡು, “ಎಂಥ ಭಾರ ಮಾರಾಯ್ರೆ ಇದು! ಕೆಸರಲ್ಲಿ ಮಲಗಿದ ಎಮ್ಮೆ ಎಬ್ಬಿಸಿದ ಹಾಗಾಯ್ತಲ್ಲ” ಎಂದರು. ಅವರು ಬಾರದಿದ್ದರೆ ನಾನು ಎಷ್ಟು ಹೊತ್ತು ಅಲ್ಲೇ ಕೂರಬೇಕಾಗುತ್ತಿತ್ತೋ ಗೊತ್ತಿಲ್ಲ.

ಆದ್ದರಿಂದ ಅದೇ ತೂಕದ ಬೈಕು ಇರುವ ಗೆಳೆಯರನ್ನು ಒಪ್ಪಿಸಿ, ಹುಲ್ಲಿನ ನೆಲದಲ್ಲಿ ಹಳೆಯ ಹಾಸಿಗೆಯ ಮೇಲೆ ಅದನ್ನು ಮಲಗಿಸಿ ಎತ್ತಿ ನೋಡಬೇಕು. ಎಂಜಿನ್ನು ಆಫ್ ಮಾಡಿ. ಬೈಕು ಬಲಕ್ಕೆ ಬಿದ್ದಿದ್ದರೆ ಮೊದಲೇ ಸೈಡ್ ಸ್ಟ್ಯಾಂಡು ಬಿಡಿಸಿಡಿ. ಎಡಕ್ಕೆ ಬಿದ್ದಿದ್ದರೆ ಸ್ಟ್ಯಾಂಡು ಉಪಯೋಗಕ್ಕೆ ಬಾರದು, ಉರುಳದಂತೆ ಮೊದಲ ಗೇರಿಗೆ ಹಾಕಿ. ಹ್ಯಾಂಡಲ್ಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸಿ, ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಕೂತು, ಒಂದು ಕೈಯಲ್ಲಿ ಕೆಳಗಿರುವ ಹ್ಯಾಂಡಲ್ ಹಿಡಿಯನ್ನೂ ಇನ್ನೊಂದರಲ್ಲಿ ಹಿಂದಿನ ಫ್ರೇಮನ್ನೂ ಹಿಡಿದು, ಬೆನ್ನು ಬಗ್ಗಿಸದೆ ತೊಡೆಯ ಬಲದಲ್ಲಿ ಪುಟ್ಟ ಹೆಜ್ಜೆಗಳನ್ನಿಡುತ್ತ ಹಿಂದಕ್ಕೆ ನಡೆಯಿರಿ. ಐದು ನಿಮಿಷ ಬಿಟ್ಟು ಮತ್ತೊಮ್ಮೆ ಎತ್ತಿ. ಎರಡನೆಯ ಸಲ ಆಗದಿದ್ದರೆ ಆ ತೂಕದ ಬೈಕಿನಲ್ಲಿ ಒಂಟಿಯಾಗಿ ಮಣ್ಣಿನ ದಾರಿಗೆ ಇಳಿಯಬಾರದು ಎಂದೇ ಅರ್ಥ. ಕೆಸರಿನಲ್ಲಿ ಬಿದ್ದ ಬೈಕನ್ನು ಒಂದೇ ಸಲ ಎತ್ತಿ ಮುಗಿಯುವುದು ಅಪರೂಪ.

ಎಚ್ಚರಿಕೆ: “ಓಡುವಾಗ ತೂಕ ಗೊತ್ತೇ ಆಗುವುದಿಲ್ಲ” ಎಂಬ ಮಾತು ನಿಜ. ಆದರೆ ಮಣ್ಣಿನಲ್ಲಿ ಕಷ್ಟ ಬರುವುದು ಓಡುವಾಗಲ್ಲ, ನಿಲ್ಲುವಾಗ ಮತ್ತು ತಿರುಗಿಸುವಾಗ.

## ಹಂತ 3: ಸೀಟಿನ ಎತ್ತರ ಮತ್ತು ಕಾಲಿನ ಅಳತೆ

ಬರಿಗಾಲಿನಲ್ಲಿ ಗೋಡೆಗೆ ಒರಗಿ ನಿಂತು, ಪುಸ್ತಕವನ್ನು ಕಾಲುಗಳ ನಡುವೆ ಬಿಗಿಯಾಗಿ ಮೇಲಕ್ಕೊತ್ತಿ, ಅದರ ಮೇಲಂಚಿನಿಂದ ನೆಲದವರೆಗೆ ಅಳೆಯಿರಿ. ಬೂಟಿನ ಅಟ್ಟೆಗೆ ಎರಡು ಮೂರು ಸೆಂಟಿಮೀಟರು ಸೇರಿಸಿ. ಈ ಅಳತೆ ಸೀಟಿನ ಎತ್ತರಕ್ಕಿಂತ ಕಡಿಮೆ ಬಂದ ಮಾತ್ರಕ್ಕೆ ಬೈಕನ್ನು ಕೈಬಿಡಬೇಕಾಗಿಲ್ಲ, ಏಕೆಂದರೆ ನೀವು ಕೂತಾಗ ಸಸ್ಪೆನ್ಷನ್ನು ತಗ್ಗುತ್ತದೆ. ಆದರೆ ಸೀಟು ಅಗಲವಾಗಿದ್ದರೆ ತೊಡೆಗಳು ಹೊರಕ್ಕೆ ಚಾಚಿ ಕಾಲು ಗಿಡ್ಡವಾಗುತ್ತದೆ. 830 ಮಿ.ಮೀ. ಎತ್ತರದ ಕಿರಿದಾದ ಸೀಟು 810ರ ಅಗಲ ಸೀಟಿಗಿಂತ ಅನುಕೂಲವಾಗಿರಬಹುದು. ಕಾಗದದ ಅಂಕಿಯಲ್ಲಿ ಇದು ತಿಳಿಯುವುದಿಲ್ಲ.

ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಬೇಕೆಂದು ಹಟ ಹಿಡಿಯುವುದು ಹೊಸಬರ ಸಾಮಾನ್ಯ ತಪ್ಪು. ಸೊಂಟವನ್ನು ಸ್ವಲ್ಪ ಸರಿಸಿ ಒಂದು ಪಾದವನ್ನು ಗಟ್ಟಿಯಾಗಿ ಊರಲು ಬಂದರೆ ಸಾಕು. ಹಾಗೂ ಬಾರದಿದ್ದರೆ ಮೊದಲು ಕಂಪನಿಯ ತಗ್ಗು ಸೀಟು ಸಿಗುತ್ತದೆಯೇ ಎಂದು ಕೇಳಿ, ಆಮೇಲೆ ಸೀಟಿನ ಫೋಮು ಕೊರೆಸುವ ಮಾತು. ಸಸ್ಪೆನ್ಷನ್ನಿನ ಲಿಂಕು ಬದಲಿಸಿ ಬೈಕನ್ನೇ ತಗ್ಗಿಸುವುದು ಕಟ್ಟಕಡೆಯ ದಾರಿ: ನೆಲದಿಂದಿರುವ ಅಂತರ ಕಡಿಮೆಯಾಗುತ್ತದೆ, ಹ್ಯಾಂಡಲ್ಲಿನ ಗುಣ ಬದಲಾಗುತ್ತದೆ, ಸೈಡ್ ಸ್ಟ್ಯಾಂಡು ಉದ್ದವಾಗಿಬಿಟ್ಟು ನಿಲ್ಲಿಸಿದ ಬೈಕು ಬಲಕ್ಕೆ ಉರುಳುವ ಅಪಾಯವೂ ಬರುತ್ತದೆ.

## ಹಂತ 4: ಚಕ್ರ, ಟೈರು, ಸಸ್ಪೆನ್ಷನ್ನು, ಹೊಟ್ಟೆಯಡಿ

ಮುಂದಿನ ಚಕ್ರದ ಅಳತೆ ನೋಡಿದರೆ ಬೈಕು ಯಾವ ಕಡೆಗೆ ವಾಲಿದೆ ಎಂಬುದು ತಿಳಿಯುತ್ತದೆ. 21 ಇಂಚಿನ ಚಕ್ರ ಕಲ್ಲು, ಕೊರಕಲುಗಳ ಮೇಲೆ ಸಲೀಸಾಗಿ ಉರುಳುತ್ತದೆ, ಆದರೆ ಘಾಟಿಯ ತಿರುವುಗಳಲ್ಲಿ ಸ್ವಲ್ಪ ನಿಧಾನವಾಗಿ ವಾಲುತ್ತದೆ. 19 ಇಂಚು ನಡುವಿನದು. ಹಂತ ಒಂದರಲ್ಲಿ ಡಾಂಬರಿನ ಪಾಲು ಎಂಬತ್ತು ಮೀರಿದವರಿಗೆ ಇದೇ ಸರಿ. ಮುಂದೆಯೂ 17 ಇಂಚು ಇದ್ದರೆ, ಉದಾಹರಣೆಗೆ ಕವಾಸಕಿ ವರ್ಸಿಸ್ 650, ಅದು ನೇರ ಕೂತು ಹೋಗುವ ರಸ್ತೆಯ ಬೈಕೇ ಹೊರತು ಮಣ್ಣಿನದಲ್ಲ.

ಕಡ್ಡಿಯ ಚಕ್ರ ಕಲ್ಲಿನ ಹೊಡೆತವನ್ನು ಬಾಗಿ ಸಹಿಸುತ್ತದೆ. ಅಲಾಯ್ ಚಕ್ರ ಸೀಳಿದರೆ ದಾರಿಯಲ್ಲಿ ರಿಪೇರಿಯಿಲ್ಲ. ಆದರೆ ಹೆಚ್ಚಿನ ಕಡ್ಡಿ ಚಕ್ರಗಳಿಗೆ ಟ್ಯೂಬು ಬೇಕು. ಟ್ಯೂಬ್‌ಲೆಸ್ ಟೈರಿನ ಪಂಕ್ಚರಿಗೆ ಹತ್ತು ನಿಮಿಷದಲ್ಲಿ ತೂತಿಗೆ ರಬ್ಬರಿನ ಬತ್ತಿ ತುರುಕಿ ಹೊರಡಬಹುದು. ಟ್ಯೂಬಿನದಾದರೆ ಚಕ್ರ ಬಿಚ್ಚಿ, ಟೈರನ್ನು ರಿಮ್ಮಿನಿಂದ ಎಬ್ಬಿಸಬೇಕು. ಹಾಗೆಂದು ಟ್ಯೂಬನ್ನು ಹೀಗಳೆಯುವುದೂ ಸರಿಯಲ್ಲ: ಹಳ್ಳಿಯ ಸೈಕಲ್ ಶಾಪಿನವರೂ ಟ್ಯೂಬಿಗೆ ತೇಪೆ ಹಾಕಿಕೊಡುತ್ತಾರೆ. ಕಡ್ಡಿಯಿದ್ದೂ ಟ್ಯೂಬ್‌ಲೆಸ್ ಆದ ಚಕ್ರ ಸಿಗುವುದಾದರೆ, ಹಿಮಾಲಯನ್ 450ಕ್ಕೆ ಆಮೇಲೆ ಬಂದಂತೆ, ಹೆಚ್ಚಿಗೆ ಕೊಡುವ ದುಡ್ಡು ವ್ಯರ್ಥವಲ್ಲ.

ಸಸ್ಪೆನ್ಷನ್ನಿನ ಓಟ, ಅಂದರೆ ಚಕ್ರ ಮೇಲೆ ಕೆಳಗೆ ಆಡುವ ದೂರ, ಮುಂದೂ ಹಿಂದೂ 200 ಮಿ.ಮೀ. ಆಸುಪಾಸು, ನೆಲದಿಂದ ಅಂತರ 220 ಮಿ.ಮೀ. ಆಸುಪಾಸು ಇದ್ದರೆ ನಮ್ಮ ದಾರಿಗಳಿಗೆ ಧಾರಾಳ. ಈಗ ಟಾರ್ಚು ತೆಗೆದುಕೊಂಡು ಶೋರೂಮಿನ ನೆಲದ ಮೇಲೆ ಕೂತು, ಯಾರು ನಕ್ಕರೂ ಸರಿ, ಬೈಕಿನ ಹೊಟ್ಟೆಯಡಿ ನೋಡಿ. ಸೈಲೆನ್ಸರಿನ ಕೊಳವೆ ಎಂಜಿನ್ನಿನ ಕೆಳಗೆ ಹಾದಿದೆಯೇ, ಆಯಿಲ್ ಫಿಲ್ಟರು ಮುಂದಕ್ಕೆ ಚಾಚಿ ಚಕ್ರದಿಂದ ಸಿಡಿಯುವ ಕಲ್ಲಿಗೆ ಎದುರಾಗಿದೆಯೇ, ಎಂಜಿನ್ನಿನ ಹೊಟ್ಟೆಯನ್ನು ಕಲ್ಲಿನಿಂದ ಕಾಯುವ ಬಾಷ್ ಪ್ಲೇಟು ಲೋಹದ್ದೋ ಪ್ಲಾಸ್ಟಿಕ್ಕಿನದೋ, ರೇಡಿಯೇಟರಿನ ಮುಂದೆ ಜಾಲರಿ ಇದೆಯೇ ಎಂಬುದನ್ನು ಬರೆದುಕೊಳ್ಳಿ.

## ಹಂತ 5: ಈಗ ಎಂಜಿನ್ನು

ಹೆದ್ದಾರಿಗೆ ನೂರು ಕುದುರೆಶಕ್ತಿ ಬೇಕೆಂಬ ವಾದವನ್ನು ನಮ್ಮ ರಸ್ತೆಗೆ ಹಿಡಿದು ನೋಡಿ. ನಾಲ್ಕು ಪಥದ ಹೆದ್ದಾರಿಯಲ್ಲೂ ದ್ವಿಚಕ್ರ ವಾಹನಕ್ಕೆ ಕೇಂದ್ರ 2018ರಲ್ಲಿ ನಿಗದಿಪಡಿಸಿದ ಗರಿಷ್ಠ ವೇಗ ಗಂಟೆಗೆ 80 ಕಿ.ಮೀ.; ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವೇ ಇಲ್ಲ. ಹಿಮಾಲಯನ್ 450ರ 40 ಪಿಎಸ್ (ಹೆಚ್ಚುಕಡಿಮೆ ಅಷ್ಟೇ ಕುದುರೆಶಕ್ತಿ) ಆಗಲಿ, 390 ಅಡ್ವೆಂಚರಿನ 46 ಪಿಎಸ್ ಆಗಲಿ, ಲಗೇಜು ಹೊತ್ತು ಈ ವೇಗವನ್ನು ದಿನವಿಡೀ ಕಾಪಾಡಲು ಸಾಕು. ಜೋಡಿ ಸಿಲಿಂಡರಿನ ಬೈಕಿಗೆ ನಿಜವಾದ ಕಾರಣವೆಂದರೆ ಇಬ್ಬರು ಕೂತು ದಿನಕ್ಕೆ ಐನೂರು ಕಿಲೋಮೀಟರು ಹೋಗುವಾಗ ಕಡಿಮೆಯಾಗುವ ನಡುಕ ಮತ್ತು ದಣಿವು. ಅಂಥ ಪ್ರಯಾಣ ನಿಮ್ಮ ಲೆಕ್ಕದಲ್ಲಿ ಇಲ್ಲದಿದ್ದರೆ ಆ ತೂಕವನ್ನು ಸುಮ್ಮನೆ ಹೊರುತ್ತೀರಿ.

ಮಣ್ಣಿನಲ್ಲಿ ಮುಖ್ಯವಾಗುವುದು ಗರಿಷ್ಠ ಶಕ್ತಿಯಲ್ಲ, ಎರಡು ಮೂರು ಸಾವಿರ ಆರ್‌ಪಿಎಂನಲ್ಲಿ ಎಂಜಿನ್ನು ಕೆಮ್ಮದೆ ಎಳೆಯುತ್ತದೆಯೇ ಎಂಬುದು. ಮೊದಲ ಗೇರು ಉದ್ದವಾಗಿದ್ದರೆ, ಅಂದರೆ ಆ ಗೇರಿನಲ್ಲಿ ನಿಧಾನವಾಗಿ ಹೋಗಲು ಬಾರದಿದ್ದರೆ, ಕಲ್ಲಿನ ಏರಿನಲ್ಲಿ ಕ್ಲಚ್ಚನ್ನು ಅರ್ಧ ಹಿಡಿದೇ ಹತ್ತಬೇಕಾಗುತ್ತದೆ, ಕ್ಲಚ್ಚು ಸುಟ್ಟ ವಾಸನೆ ಬರುತ್ತದೆ. ಎಲೆಕ್ಟ್ರಾನಿಕ್ಸಿನಲ್ಲಿ ಎರಡೇ ಪ್ರಶ್ನೆ ಸಾಕು: ಹಿಂದಿನ ಚಕ್ರದ ಎಬಿಎಸ್ಸನ್ನೂ, ಆ ಚಕ್ರ ಜಾರಿ ಸುತ್ತದಂತೆ ತಡೆಯುವ ಟ್ರಾಕ್ಷನ್ ಕಂಟ್ರೋಲನ್ನೂ ಆಫ್ ಮಾಡಬಹುದೇ, ಮತ್ತು ಇಗ್ನಿಷನ್ ಆಫ್ ಮಾಡಿದ ಮೇಲೆ ಆ ಆಯ್ಕೆ ಅಳಿಸಿಹೋಗುತ್ತದೆಯೇ. ಉಳಿದ ಪರದೆ, ಬ್ಲೂಟೂತುಗಳನ್ನು ಆಮೇಲೆ ನೋಡಿಕೊಂಡರಾಯಿತು.

## ಹಂತ 6: ಟೆಸ್ಟ್ ರೈಡು

ಶೋರೂಮಿನ ಸುತ್ತ ಐದು ನಿಮಿಷದ ಸುತ್ತಾಟದಿಂದ ಏನೂ ತಿಳಿಯುವುದಿಲ್ಲ. ಅರ್ಧ ಗಂಟೆಯಾದರೂ ಕೇಳಿ, ಜನ ಕಡಿಮೆಯಿರುವ ವಾರದ ದಿನ ಬೆಳಗ್ಗೆ ಹೋಗಿ, ನಿಮ್ಮದೇ ಬೂಟು ಹಾಕಿಕೊಳ್ಳಿ.

ಹೊರಡುವ ಮುನ್ನ, ಸ್ಟ್ಯಾಂಡು ತೆಗೆದ ಬೈಕನ್ನು ಎಂಜಿನ್ನು ಆಫ್ ಇರುವಾಗಲೇ ಇಳಿದು ನಿಂತು ತಳ್ಳಿಕೊಂಡು ಎಂಟಂಕಿ ಬರೆಯಿರಿ. ಆಮೇಲೆ ನಡಿಗೆಯ ವೇಗದಲ್ಲಿ ಹ್ಯಾಂಡಲ್ಲನ್ನು ಪೂರ್ತಿ ತಿರುಗಿಸಿ ಎರಡೂ ಬದಿಗೆ ಯೂಟರ್ನ್ ಮಾಡಿ. ಅನಂತರ ಫುಟ್‌ಪೆಗ್ಗಿನ ಮೇಲೆ ಎದ್ದು ನಿಂತು, ನೋಟವನ್ನು ಮುಂದಿಟ್ಟು, ಕನಿಷ್ಠ ಎರಡು ಕಿಲೋಮೀಟರು ಓಡಿಸಿ. ನಿಂತಾಗ ಬೆನ್ನು ಬಗ್ಗಿ ಅಂಗೈಗೆ ಭಾರ ಬಿದ್ದರೆ ಹ್ಯಾಂಡಲ್ಲು ನಿಮಗೆ ತಗ್ಗು. ಮೊಣಕಾಲಿಗೆ ಟ್ಯಾಂಕಿನ ಆಸರೆ ಸಿಗದಿದ್ದರೆ ಕೆಟ್ಟ ದಾರಿಯಲ್ಲಿ ತೋಳು ಬೇಗ ಸೋಲುತ್ತದೆ. ಕೊನೆಗೆ ಹತ್ತು ನಿಮಿಷ ಟ್ರಾಫಿಕ್ಕಿನಲ್ಲಿ ನಿಂತು, ರೇಡಿಯೇಟರಿನ ಫ್ಯಾನು ಊದುವ ಬಿಸಿ ಎಲ್ಲಿಗೆ ಬಡಿಯುತ್ತದೆ ಎಂದು ನೋಡಬೇಕು. ಬಲ ಮೀನಖಂಡ ಬೇಯುವ ಬೈಕು ಬೆಂಗಳೂರಿನ ಏಪ್ರಿಲ್ಲಿಗೆ ಅಲ್ಲ.

ಟೆಸ್ಟ್ ರೈಡಿಗೆ ಬೈಕೇ ಇಲ್ಲ, ಬುಕ್ ಮಾಡಿದರೆ ಮಾತ್ರ ಕೊಡುತ್ತೇವೆ ಎನ್ನುವ ಕಡೆ ಮುಂಗಡ ಕಟ್ಟಬೇಡಿ.

## ಹಂತ 7: ಬೆಲೆಯ ಹಿಂದಿನ ಬೆಲೆ

2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳಿಗೆ ಜಿಎಸ್‌ಟಿ ಶೇ. 18, ಅದರ ಮೇಲಿನವಕ್ಕೆ ಶೇ. 40. ಅದರ ಮೇಲೆ ಕರ್ನಾಟಕದ ಜೀವಾವಧಿ ತೆರಿಗೆ ಬೇರೆ. ಎಕ್ಸ್ ಶೋರೂಮ್ ಬೆಲೆಯನ್ನು ನೋಡಿ ಲೆಕ್ಕ ಹಾಕದೆ, ಆನ್‌ರೋಡ್ ಬೆಲೆಯನ್ನು ಬರಹದಲ್ಲಿ ಪಡೆಯಿರಿ.

ಆಮೇಲೆ ಸೇಲ್ಸಿನವರನ್ನು ಬಿಟ್ಟು ಬಿಡಿಭಾಗದ ಕೌಂಟರಿಗೆ ಹೋಗಿ ಕ್ಲಚ್ ಲಿವರು, ಬ್ರೇಕ್ ಪೆಡಲು, ಹ್ಯಾಂಡಲ್ ಬಾರು, ಇಂಡಿಕೇಟರು, ರೇಡಿಯೇಟರು, ಮುಂದಿನ ರಿಮ್ಮು ಇವುಗಳ ಬೆಲೆ ಕೇಳಿ, ಪಕ್ಕದಲ್ಲೇ ಎಷ್ಟು ದಿನಕ್ಕೆ ಸಿಗುತ್ತದೆ ಎಂದೂ ಬರೆದುಕೊಳ್ಳಿ. ಮಣ್ಣಿನಲ್ಲಿ ಓಡುವ ಬೈಕು ಬೀಳುತ್ತದೆ, ಬಿದ್ದಾಗ ಮುರಿಯುವುದು ಇವೇ. ಒಂದು ಸಲ ಹೊಸ ಬೈಕಿನ ಬ್ರೇಕ್ ಪೆಡಲಿಗಾಗಿ ಮೂರು ವಾರ ಕಾದೆ. ಆ ಪ್ರಶ್ನೆಯನ್ನು ಕೊಳ್ಳುವ ಮುಂಚೆಯೇ ಕೇಳಿದ್ದರೆ ಉತ್ತರ ಆಗಲೇ ಸಿಗುತ್ತಿತ್ತು. ಹೆಲ್ಮೆಟ್ಟು, ಮೊಣಕಾಲಿನ ಗಾರ್ಡಿರುವ ಪ್ಯಾಂಟು, ಕಣಕಾಲು ಮುಚ್ಚುವ ಬೂಟು, ಜಾಕೆಟ್ಟು, ಗ್ಲೌಸು ಇವುಗಳ ಹಣವನ್ನು ಬಜೆಟ್ಟಿನಿಂದ ಮೊದಲೇ ಬೇರೆ ಎತ್ತಿಟ್ಟು, ಉಳಿದುದಕ್ಕೆ ಬೈಕು ನೋಡಬೇಕು.

## ಹಂತ 8: ಹಳೆಯ ಬೈಕು ಕೊಳ್ಳುವುದಾದರೆ

ಕಡಿಮೆ ಓಡಿದ ಅಡ್ವೆಂಚರ್ ಬೈಕುಗಳು ಮಾರಾಟಕ್ಕೆ ಸಿಗುತ್ತಲೇ ಇರುತ್ತವೆ; ಹಾಗೇಕೆ ಎಂಬುದನ್ನು ಮೊದಲೇ ಹೇಳಿದ್ದೇನೆ. ಎಂಜಿನ್ನು ತಣ್ಣಗಿರುವಾಗಲೇ ಹೋಗಿ ಮುಟ್ಟಿ ನೋಡಿ. ನೀವು ಬರುವ ಮುನ್ನವೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಅನುಮಾನಿಸಿ.

ಬಾಷ್ ಪ್ಲೇಟಿನ ಗೀರುಗಳಿಗೆ ಹೆದರಬೇಡಿ; ಅದಿರುವುದೇ ಅದಕ್ಕೆ. ಹೆದರಬೇಕಾದದ್ದು ಬೇರೆ. ಮುಂದಿನ ಚಕ್ರವನ್ನು ನೆಲದಿಂದೆತ್ತಿ ಹ್ಯಾಂಡಲ್ಲನ್ನು ನಿಧಾನವಾಗಿ ಅತ್ತಿತ್ತ ತಿರುಗಿಸುವಾಗ ನಡುವಿನಲ್ಲಿ ಗುಳಿಯೊಳಗೆ ಬಿದ್ದಂತೆ ಸಿಕ್ಕಿಕೊಂಡರೆ ಕಾನ್‌ಸೆಟ್ಟು (ಹ್ಯಾಂಡಲ್ಲು ತಿರುಗುವ ಬೇರಿಂಗು) ಹೋಗಿದೆ. ಚಕ್ರ ತಿರುಗಿಸಿ ರಿಮ್ಮಿನ ನೆಗ್ಗು ನೋಡಿ; ಕಡ್ಡಿಗಳನ್ನು ಸ್ಪ್ಯಾನರಿನಿಂದ ಒಂದೊಂದಾಗಿ ತಟ್ಟಿದರೆ ಬಿಗಿಯಾದವು ಟಿಣ್ಣೆನ್ನುತ್ತವೆ, ಸಡಿಲವಾದದ್ದು ಮಂಕಾಗಿ ಸದ್ದು ಮಾಡುತ್ತದೆ. ಫೋರ್ಕಿನ ಕೊಳವೆಯ ಮೇಲೆ ಎಣ್ಣೆಯ ಉಂಗುರ ಕಂಡರೆ ಸೀಲು ಸೋರುತ್ತಿದೆ. ಹಿಂದಿನಿಂದ ಹತ್ತು ಅಡಿ ದೂರ ನಿಂತು ಟೇಲ್ ಲೈಟು, ರ್‍ಯಾಕು, ಹಿಂದಿನ ಟೈರು ಒಂದೇ ನೇರದಲ್ಲಿವೆಯೇ ನೋಡಿ. ಭಾರದ ಪೆಟ್ಟಿಗೆ ಹೊತ್ತು ಬಿದ್ದ ಬೈಕಿನ ಹಿಂದಿನ ಫ್ರೇಮು ಸೊಟ್ಟಗಾಗಿರುತ್ತದೆ. ಏರ್ ಫಿಲ್ಟರನ್ನು ತೆಗೆಸಿ, ಅದರಾಚೆಗಿನ ಕೊಳವೆಯೊಳಗೆ ಬೆರಳಾಡಿಸಿ: ಕೆಂಪು ಧೂಳು ಅಂಟಿದರೆ ಅದು ಎಂಜಿನ್ನಿನೊಳಗೂ ಹೋಗಿದೆ, ಅಲ್ಲಿಂದಲೇ ಹಿಂದಿರುಗಿ. ಆಯಿಲ್ಲು ಹಾಲು ಬೆರೆಸಿದ ಕಾಫಿಯಂತಿದ್ದರೂ ಅಷ್ಟೇ, ನೀರು ಸೇರಿದೆ.

## ಹಂತ 9: ಮಣ್ಣಿಗಿಳಿಸುವ ಮುನ್ನ ಹೊಂದಿಸುವುದು

ಆರಿಸಿದ ಬೈಕನ್ನು ಹೊಂದಿಸದೆ ಓಡಿಸಿ, ಸರಿಯಿಲ್ಲವೆಂದು ದೂರುವವರು ಬಹಳ. ಹಿಂದಿನ ಚಕ್ರವನ್ನು ನೆಲದಿಂದೆತ್ತಿ ಆ್ಯಕ್ಸಲ್ಲಿನಿಂದ ನೇರ ಮೇಲೆ ಸೀಟಿನ ಬಳಿಯ ಒಂದು ಗುರುತಿನವರೆಗೆ ಅಳೆಯಿರಿ; ಪೂರ್ತಿ ದಿರಿಸಿನಲ್ಲಿ ಕೂತು ಮತ್ತೆ ಅಳೆಸಿ. ಎರಡರ ವ್ಯತ್ಯಾಸ ಸಸ್ಪೆನ್ಷನ್ ಓಟದ ಮೂರನೇ ಒಂದು ಭಾಗದ ಹತ್ತಿರವಿರಬೇಕು, ಅಂದರೆ 200 ಮಿ.ಮೀ. ಓಟಕ್ಕೆ ಸುಮಾರು 60ರಿಂದ 65. ಹೆಚ್ಚಿದ್ದರೆ ಪ್ರಿಲೋಡನ್ನು (ಸ್ಪ್ರಿಂಗಿನ ಮೊದಲ ಬಿಗಿಯನ್ನು) ಹೆಚ್ಚಿಸಿ. ಲಿವರುಗಳನ್ನು ನಿಂತಾಗಲೂ ಮಣಿಕಟ್ಟು ಬಾಗದೆ ಹಿಡಿಯುವಷ್ಟು ಕೆಳಕ್ಕೆ ತಿರುಗಿಸಿ.

ಮಣ್ಣಿನಲ್ಲಿ ಟೈರಿನ ಗಾಳಿಯನ್ನು ಕಂಪನಿ ಹೇಳಿದ್ದಕ್ಕಿಂತ ಐದಾರು ಪಿಎಸ್‌ಐ ಇಳಿಸಿದರೆ ಹಿಡಿತ ಹೆಚ್ಚುತ್ತದೆ; ಟ್ಯೂಬಿನ ಭಾರದ ಬೈಕಿನಲ್ಲಿ ಅದಕ್ಕೂ ಕೆಳಗೆ ಹೋದರೆ ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಟ್ಯೂಬು ಹರಿಯುತ್ತದೆ. ಡಾಂಬರಿಗೆ ಮರಳುವ ಮೊದಲು ಮತ್ತೆ ತುಂಬಲು ಗೇಜು, ಪುಟ್ಟ ಪಂಪು ಜೊತೆಗಿರಲಿ.

ಮೊದಲ ಮಣ್ಣಿನ ಸವಾರಿಗೆ ಪೆಟ್ಟಿಗೆಗಳನ್ನು ಮನೆಯಲ್ಲೇ ಬಿಟ್ಟು, ಇನ್ನೊಬ್ಬರನ್ನು ಜೊತೆ ಮಾಡಿಕೊಂಡು, ಒಣಗಿದ ಗೊತ್ತಿರುವ ದಾರಿಯಲ್ಲಿ ಇಪ್ಪತ್ತು ಕಿಲೋಮೀಟರು ಹೋಗಿಬನ್ನಿ. ಬಂದ ದಿನವೇ ಬೈಕು ತೊಳೆದು, ರೇಡಿಯೇಟರಿನ ರೆಕ್ಕೆಗಳ ನಡುವಿನ ಮಣ್ಣನ್ನು ಹಿಂಬದಿಯಿಂದ ಮೆಲ್ಲನೆ ನೀರು ಬಿಟ್ಟು ತೆಗೆದು, ಚೈನಿಗೆ ಎಣ್ಣೆ ಹಾಕಿ, ಕಡ್ಡಿಗಳನ್ನೂ, ರ್‍ಯಾಕು ಮತ್ತು ಬಾಷ್ ಪ್ಲೇಟಿನ ಬೋಲ್ಟುಗಳನ್ನೂ ಒಂದೊಂದಾಗಿ ಬಿಗಿ ನೋಡಿ. ಹೊಸ ಬೈಕಿನಲ್ಲೂ ಮೊದಲ ಸವಾರಿಗೆ ಒಂದೆರಡು ಸಡಿಲವಾಗಿಯೇ ಇರುತ್ತವೆ.